ಜಾವಾ ಪ್ರದರ್ಶನವೂ ವಿಜ್ಞಾನ ಪಾಠವೂ

ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಮೋಟಾರ್ ಸೈಕಲ್ಲಿನ ಮಾತೇಕೆಂದು ವಾಚಕ ಮಹಾಶಯರು ಹುಬ್ಬೇರಿಸಬಹುದು. ಕನ್ನಡದಲ್ಲಿ ಓದಿದವರಿಗೆ ವಿಜ್ಞಾನ ದಕ್ಕದೆಂದು ಹಿಂದೂಪುರ, ಕಲ್ಯಾಣದುರ್ಗಗಳ ಪಾಲಕರು ಹೇಳುವುದನ್ನು ಬಹುಕಾಲದಿಂದ ಕೇಳಿದ್ದೇನೆ. ಕನ್ನಡದಲ್ಲೇ ಮೆಟ್ರಿಕ್ ಮುಗಿಸಿದ ನಾನು ಅದನ್ನು ಒಪ್ಪಲಾರೆ. ಜುಲೈ ತಿಂಗಳ ಎರಡನೆಯ ಭಾನುವಾರ, ಜಾವಾ ದಿನದಂದು, ಹಳೆಯ ಜಾವಾ, ಯೆಜ್ಡಿಗಳ ಅಭಿಮಾನಿಗಳು ಬೆಂಗಳೂರಿನಲ್ಲಿ ನೆರೆಯುತ್ತಾರೆ. ಹಿಂದೂಪುರದಿಂದ ನೇರ ರೈಲುಂಟು; ನಮ್ಮ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬೇಕು.

ಆ ವಾಹನಗಳು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಕೂಸುಗಳು. ಕಾರ್ಖಾನೆ 1996ರಲ್ಲಿ ಮುಚ್ಚಿತು. ಗಾಡಿಗಳು ಇಂದಿಗೂ ಓಡುತ್ತಿವೆ. ಗೇರು ಬದಲಿಸುವ ಸನ್ನೆಕೋಲನ್ನೇ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್! ಹಳೆಯ ಜಾವಾದಲ್ಲಿ ಒಂದೇ ಸಿಲಿಂಡರಿಗೆ ಎರಡು ಹೊಗೆಕೊಳವೆ. ಎಣ್ಣೆ ಬೆರೆಸಿದ ಪೆಟ್ರೋಲು ಉರಿದು ಸುತ್ತುಸುತ್ತಿಗೂ ಪಿಸ್ಟನ್ನನ್ನು ತಳ್ಳುತ್ತದೆ. ನಾಲ್ಕು ಹೊಡೆತದ ಎಂಜಿನ್ನಿನಲ್ಲಾದರೆ ಎರಡು ಸುತ್ತಿಗೊಮ್ಮೆ. ಇದರಲ್ಲಿ ಕನ್ನಡಕ್ಕೆ ನಿಲುಕದ್ದು ಯಾವುದು? (ಪಠ್ಯಪುಸ್ತಕದ ‘ಆಡುಬೆಣೆ’ಗಿಂತ ಮೆಕ್ಯಾನಿಕ್ಕಿನ ‘ಪಿಸ್ಟನ್ನೇ’ ನನಗೆ ಪ್ರಿಯ. ಪಂಡಿತರು ಮುನಿಯದಿರಲಿ.)

ಉಪಾಧ್ಯಾಯ ಮಿತ್ರರಲ್ಲಿ ಒಂದು ವಿನಂತಿ. ಬಣ್ಣದ ಹೊಳಪನ್ನಷ್ಟೇ ತೋರಿಸಿ ಮಕ್ಕಳನ್ನು ಮರಳಿ ಕರೆತರಬೇಡಿ. ಎಂಜಿನ್ ಚಾಲೂ ಮಾಡಿ ತೋರಿಸಿರೆಂದು ಒಡೆಯರನ್ನು ಮಕ್ಕಳಿಂದಲೇ, ಕನ್ನಡದಲ್ಲೇ ಕೇಳಿಸಿ.