ಸೂಜಿ ನಿಂತಿತು, ರೋಗ ನಿಂತೀತೆ?

ಕಾಪುವಿನಲ್ಲಿ ಬಟ್ಟೆಯಂಗಡಿ ನಡೆಸುವ ನಮ್ಮ ಆಪ್ತರೊಬ್ಬರ ಮನೆಗೆ ಈಚೆಗೆ ಹೋಗಿದ್ದೆವು. ಹಾವೇರಿಯ ಕಡೆಯಿಂದ ಬಂದು ಕಡಲ ತೀರದಲ್ಲಿ ನೆಲೆಸಿದ ಕುಟುಂಬವದು. ಯಜಮಾನರಿಗೆ ನಲವತ್ತರ ಆಸುಪಾಸು, ಸ್ಥೂಲ ಶರೀರ. ಕಳೆದ ವರ್ಷ ಅವರಿಗೆ ತೀರದ ದಾಹ, ಪದೇ ಪದೇ ಮೂತ್ರ, ಬಳಿಕ ವಾಂತಿ, ಹೊಟ್ಟೆನೋವು. ಪಿತ್ತವಿರಬೇಕೆಂದು ಮನೆಯವರು ಎರಡು ದಿನ ಕಷಾಯ ಕೊಟ್ಟರು. ಮೂರನೆಯ ದಿನ ಏದುಸಿರು ಹತ್ತಿದಾಗ ಮಣಿಪಾಲಕ್ಕೆ ಒಯ್ದರು. ರಕ್ತದಲ್ಲಿ ಸಕ್ಕರೆ ಮಿತಿಮೀರಿತ್ತು, ಮೂತ್ರದಲ್ಲಿ ಕೀಟೋನ್ ತುಂಬಿತ್ತು. ಸಲೈನ್ ಮತ್ತು ಇನ್ಸುಲಿನ್ ಅವರ ಜೀವ ಉಳಿಸಿದವು. ನಾಲ್ಕು ತಿಂಗಳು ಕಳೆದ ಮೇಲೆ ವೈದ್ಯರೇ ಇನ್ಸುಲಿನ್ ಪ್ರಮಾಣವನ್ನು ಹಂತಹಂತವಾಗಿ ಇಳಿಸಿ, ಮಾತ್ರೆಗೆ ತಂದು ನಿಲ್ಲಿಸಿದರು.

“ಅಣ್ಣನವರೆ, ಸೂಜಿ ನಿಂತಿತಲ್ಲ, ಇನ್ನು ರೋಗ ಹೋಯಿತಲ್ಲವೆ?” ಎಂದು ಆ ಗೃಹಿಣಿ ಕೇಳಿದರು. ಈ ಪ್ರಶ್ನೆ ಅನೇಕ ಮನೆಗಳದ್ದಾದ್ದರಿಂದ ಇಲ್ಲಿ ವಿಚಾರ ಮಾಡೋಣ.

ಮಧುಮೇಹದಲ್ಲಿ ಎರಡು ಬಗೆಗಳನ್ನು ನಾವೆಲ್ಲ ಕೇಳಿದ್ದೇವೆ. ಒಂದನೆಯದು ಹೆಚ್ಚಾಗಿ ಎಳೆಯರಲ್ಲಿ ಕಾಣಿಸಿಕೊಳ್ಳುವಂಥದು. ಇದರಲ್ಲಿ ಮೇದೋಜೀರಕ ಗ್ರಂಥಿಯ ಇನ್ಸುಲಿನ್ ಕಣಗಳನ್ನು ದೇಹವೇ ನಾಶ ಮಾಡುತ್ತದೆ, ಸೂಜಿ ಜೀವನಪರ್ಯಂತ ಬೇಕು. ಎರಡನೆಯದು ದೊಡ್ಡವರಲ್ಲಿ ನಿಧಾನವಾಗಿ ಬರುವಂಥದು. ನಮ್ಮ ಆಪ್ತರದು ಈ ಎರಡಕ್ಕೂ ಪೂರ್ತಿ ಒಗ್ಗದ ಬಗೆ. ಬರುವಾಗ ಒಂದನೆಯದರಂತೆ ಪ್ರಾಣಾಂತಿಕವಾಗಿ ಬರುತ್ತದೆ. ಅನಂತರ ಎರಡನೆಯದರಂತೆ ನಡೆದುಕೊಳ್ಳುತ್ತದೆ. ಇದಕ್ಕೆ ಕೀಟೋಸಿಸ್ ಪ್ರವೃತ್ತಿಯ ಮಧುಮೇಹವೆಂದು ಹೆಸರು. 1994ರಲ್ಲಿ ನ್ಯೂಯಾರ್ಕ್ ನಗರದ ಫ್ಲ್ಯಾಟ್‌ಬುಷ್ ಬಡಾವಣೆಯ ಹೆಸರಿನಲ್ಲೇ ವೈದ್ಯರು ಇದನ್ನು ವರ್ಣಿಸಿದರು. ಮೊದಲು ಆಫ್ರಿಕಾ ಮೂಲದವರಲ್ಲಿ ಹೆಚ್ಚಾಗಿ ಗುರುತಿಸಲ್ಪಟ್ಟ ಈ ಬಗೆ ಭಾರತೀಯರಲ್ಲಿಯೂ ಉಂಟು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ಮಧುಮೇಹದ ಮಿಶ್ರ ಬಗೆಗಳ ಸಾಲಿಗೆ ಸೇರಿಸಿತು.

ಇನ್ಸುಲಿನ್ ಸಾಲದಾದಾಗ ಜೀವಕಣಗಳು ಸಕ್ಕರೆಯನ್ನು ಬಳಸಿಕೊಳ್ಳಲಾರವು. ದೇಹವು ಕೊಬ್ಬನ್ನು ಕರಗಿಸಿ ಉರಿಸತೊಡಗುತ್ತದೆ. ಆಗ ಹುಟ್ಟುವ ಕೀಟೋನ್‌ಗಳು ಹೆಚ್ಚಾದರೆ ರಕ್ತ ಆಮ್ಲವಾಗುತ್ತದೆ. ವಾಂತಿ, ಏದುಸಿರು, ಕಳಿತ ಹಣ್ಣಿನಂಥ ಉಸಿರ ವಾಸನೆ, ಮಂಪರು ಅದರ ಲಕ್ಷಣಗಳು. ವಿಪರೀತ ಸಕ್ಕರೆಯೇ ಇನ್ಸುಲಿನ್ ಕಣಗಳನ್ನು ಮಂಕಾಗಿಸುತ್ತದೆ. ಚಿಕಿತ್ಸೆಯಿಂದ ಸಕ್ಕರೆ ಇಳಿದರೆ ಈ ಬಗೆಯಲ್ಲಿ ಆ ಕಣಗಳು ಕೆಲವು ವಾರ, ತಿಂಗಳುಗಳಲ್ಲಿ ಮತ್ತೆ ಚೇತರಿಸಿಕೊಳ್ಳುವುದುಂಟು. ಆಗಲೇ ಅನೇಕರಿಗೆ ಸೂಜಿ ನಿಲ್ಲಿಸಲು ಸಾಧ್ಯವಾಗುವುದು. ಯಾರಿಗೆ ನಿಲ್ಲಿಸಬಹುದೆಂಬುದನ್ನು ಮುಖ ನೋಡಿ ಹೇಳಲಾಗದು. ಸಿ-ಪೆಪ್ಟೈಡ್ ಮತ್ತು ಪ್ರತಿಕಾಯಗಳ ರಕ್ತಪರೀಕ್ಷೆ ಮಾಡಿ ವೈದ್ಯರೇ ನಿರ್ಧರಿಸಬೇಕು.

ಆದ್ದರಿಂದ ಆ ತಾಯಿಗೆ ನಾವು ಹೇಳಿದ ಉತ್ತರವಿದು: ಸೂಜಿ ನಿಂತಿದೆ, ರೋಗ ಅಡಗಿದೆ, ಹೋಗಿಲ್ಲ. ಅಲಕ್ಷ್ಯ ಮಾಡಿದರೆ ಮರಳಿ ಬರುತ್ತದೆ. ಗುಣವಾಯಿತೆಂದು ಮಾತ್ರೆ ಬಿಡುವುದು, ಯಾರೋ ಕೊಟ್ಟ ಪುಡಿಯಿಂದ ವಾಸಿಯಾಯಿತೆಂದು ನಂಬುವುದು ಎರಡೂ ಅಪಾಯ. ಸೂಜಿ ಒಮ್ಮೆ ಚುಚ್ಚಿಸಿಕೊಂಡರೆ ಸಾಯುವವರೆಗೂ ಬಿಡದೆಂದು ಹೆದರಿ ಆರಂಭದಲ್ಲೇ ಅದನ್ನು ಬೇಡವೆನ್ನುವುದು ಅದಕ್ಕಿಂತ ದೊಡ್ಡ ಅಪಾಯ. ಈ ಬಗೆಯಲ್ಲಂತೂ ಆಗ ಕೊಟ್ಟ ಇನ್ಸುಲಿನ್ನೇ ಮುಂದೆ ಸೂಜಿಯಿಂದ ಬಿಡುಗಡೆಗೆ ದಾರಿಯಾಗುತ್ತದೆ.

ಇಂಥವರು ಮೈತೂಕ ಇಳಿಸಬೇಕು, ಸಕ್ಕರೆಯನ್ನು ಕಾಲಕಾಲಕ್ಕೆ ನೋಡಿಸಬೇಕು. ಜ್ವರ, ವಾಂತಿ ಬಂದಾಗ ಔಷಧದ ಅಂಗಡಿಯಲ್ಲಿ ಸಿಗುವ ಪಟ್ಟಿಯಿಂದ ಮೂತ್ರದ ಕೀಟೋನ್ ಪರೀಕ್ಷಿಸಬೇಕು. ಕೀಟೋನ್ ಕಂಡರೆ, ಇಲ್ಲವೆ ವಾಂತಿ ನಿಲ್ಲದಿದ್ದರೆ, ತಡಮಾಡದೆ ಆಸ್ಪತ್ರೆ ಸೇರಬೇಕು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮುಂತಾದ ಮಾತ್ರೆಗಳು ಕೀಟೋನ್ ಹೆಚ್ಚಿಸಬಲ್ಲವು, ಅದೂ ಸಕ್ಕರೆ ಅಷ್ಟೇನೂ ಏರದಿರುವಾಗಲೇ. ಹೊಸ ವೈದ್ಯರ ಬಳಿ ಹೋದಾಗ ಹಿಂದಿನ ಕೀಟೋನ್ ವೃತ್ತಾಂತವನ್ನು ಮರೆಯದೆ ತಿಳಿಸಬೇಕು.

ಶಿವರಾತ್ರಿಯ ಉಪವಾಸದ ಮಾತೂ ಅಲ್ಲಿ ಬಂದಿತು. ನಿರಾಹಾರದಲ್ಲಿ ದೇಹ ಕೊಬ್ಬನ್ನೇ ಉರಿಸುತ್ತದೆಂಬುದನ್ನು ಮೇಲೆ ಓದಿದವರಿಗೆ ಉತ್ತರ ಹೊಳೆದಿರಬಹುದು. ವೈದ್ಯರನ್ನು ಕೇಳದೆ ಉಪವಾಸ ಬೇಡ, ಔಷಧ ತಪ್ಪಿಸುವುದಂತೂ ಸಲ್ಲದು. ಇಷ್ಟಲಿಂಗವನ್ನು ಧರಿಸಿದ ಕಾಯವನ್ನು ಕಾಪಾಡಿಕೊಳ್ಳುವುದೂ ಪೂಜೆಯೇ ಅಲ್ಲವೆ? ಯಜಮಾನರು ನಕ್ಕು ಸುಮ್ಮನಾದರು. ಗೃಹಿಣಿ ಮಾತ್ರ, ಮುಂದಿನ ತಪಾಸಣೆಯ ದಿನವನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿಕೊಂಡರು. ಪ್ರತಿ ಮನೆಯಲ್ಲೂ ಇಂಥ ಒಂದು ಗುರುತು ಇರಲಿ.