ತಂದೆಯ ಹೆಸರು ಕೇಳುವವರಿಗೆ

ಹುಣ್ಣಿಮೆಗೆ ಬಂಡಿ ಹೂಡಿಕೊಂಡು ಎಲ್ಲಮ್ಮನ ಗುಡ್ಡಕ್ಕೆ ಹೋಗುವುದು ಅಲಖನೂರ, ರಾಯಬಾಗ, ಅಥಣಿ ಸೀಮೆಯಲ್ಲಿ ತಲೆತಲಾಂತರದಿಂದ ಬಂದ ರೂಢಿ. ಆ ಭಕ್ತಿಯನ್ನು ನಾವು ಹಳಿಯುವವರಲ್ಲ. ಆದರೆ ಅದೇ ಭಕ್ತಿಯ ಹೆಸರಿನಲ್ಲಿ ಕೆಂಪು-ಬಿಳಿ ಮಣಿಯ ಮುತ್ತು ಕಟ್ಟಿ, ಅರಿಯದ ಹೆಣ್ಣುಮಕ್ಕಳನ್ನು ದೇವರಿಗೆ ಬಿಟ್ಟದ್ದೂ ಈ ಸೀಮೆಯಲ್ಲಿಯೇ. ಬಿಡುವಾಗ ದೇವಿಯ ಹೆಸರು. ಆಮೇಲೆ ಅವರನ್ನು ಬಳಸಿಕೊಂಡವರು ಊರಿನ ಉಳ್ಳವರು. ಮುತ್ತು ಕಟ್ಟಿಸಿಕೊಂಡವರಲ್ಲಿ ಗೌಡರ, ದೇಸಾಯರ ಮನೆಯ ಮಗಳು ಎಷ್ಟು ಜನ, ದಲಿತ ಕೇರಿಯ ಮಗಳು ಎಷ್ಟು ಜನ? ಹಿರಿಯರು ಮನಸ್ಸಿನಲ್ಲಿಯೇ ಎಣಿಸಿ ನೋಡಲಿ.

ಸರಕಾರ ಸುಮ್ಮನೆ ಕೂತಿಲ್ಲ. 1982ರ ಕಾಯ್ದೆ ಈ ಪದ್ಧತಿಯನ್ನು ನಿಷೇಧಿಸಿತು. 1993-94 ಮತ್ತು 2007-08ರ ಎರಡು ಗಣತಿಗಳಲ್ಲಿ ರಾಜ್ಯದಲ್ಲಿ ಒಟ್ಟು 46,660 ದೇವದಾಸಿಯರನ್ನು ಗುರುತಿಸಲಾಯಿತು. ಮಾಸಾಶನ, ಮನೆ, ಸಾಲದ ಯೋಜನೆಗಳು ಬಂದವು. ಗಣತಿಯವರು ಬಂದಾಗ ನಾಚಿಕೆಯಿಂದ ಒಳಗೆ ಅಡಗಿದ ತಾಯಿಗೆ ಮಾತ್ರ ಪಟ್ಟಿಯಲ್ಲಿ ಹೆಸರಿಲ್ಲವೆಂದು ಬಹುಕಾಲ ಏನೂ ಸಿಗಲಿಲ್ಲ. ಘಟಪ್ರಭೆಯಲ್ಲಿ 1997ರಲ್ಲಿ ಮಾಜಿ ದೇವದಾಸಿಯರೇ ಕೂಡಿ ‘ಮಾಸ್’ ಎಂಬ ಸಂಸ್ಥೆ ಕಟ್ಟಿ, ಮುತ್ತು ಕಟ್ಟುವುದನ್ನು ತಡೆಯಲು ನಿಂತರು. ನೊಂದವರೇ ನಿಂತು ಮಾಡಿದ ಆ ಕಾಯಕಕ್ಕೆ ಎಷ್ಟು ಶರಣೆಂದರೂ ಕಡಿಮೆ. 2025ರಲ್ಲಿ ಬಂದ ಹೊಸ ಶಾಸನವು ಅವರ ಮಕ್ಕಳಿಗೆ ತಂದೆಯನ್ನು ಗುರುತಿಸಿಕೊಳ್ಳುವ ಹಕ್ಕನ್ನೂ ಕೊಟ್ಟಿತು.

ಇಷ್ಟಾದರೂ ಕೆಲವು ಭಕ್ತರು ಮಠಕ್ಕೆ ಬಂದು, “ಅಪ್ಪಾವ್ರ, ಸರಕಾರ ಎಷ್ಟು ಕೊಟ್ಟರೂ ಇವರ ಬಾಳೇವು ಸುಧಾರಿಸೂದಿಲ್ರಿ” ಎನ್ನುತ್ತಾರೆ. ಹೇಗೆ ಸುಧಾರಿಸೀತು? ಮಾಸಾಶನದಿಂದ ಒಲೆ ಹೊತ್ತೀತು. ಆ ತಾಯಿಯ ಮಗ ಓದಿ ನೌಕರಿ ಹಿಡಿದರೂ ಹೆಣ್ಣು ಕೇಳಲು ಹೋದಲ್ಲಿ ಮೊದಲ ಪ್ರಶ್ನೆ, “ಯಾರ ಮಗ?” ಪಂಕ್ತಿಯಲ್ಲಿ ಎಲೆ ಹಾಕುವಾಗಲೂ ಅದೇ ಪ್ರಶ್ನೆ. ಇದನ್ನು ತೆಗೆಯುವುದು ತಹಶೀಲ್ದಾರರ ಕೈಯಲ್ಲಿಲ್ಲ. ಕಟ್ಟೆಯ ಮೇಲೆ ಕೂತ ಹಿರಿಯರ ಕೈಯಲ್ಲಿದೆ. ಕೇಳುವವರ ಓಣಿಯಲ್ಲಿಯೇ ಒಮ್ಮೊಮ್ಮೆ ಉತ್ತರವೂ ಇರುತ್ತದೆ, ಆ ಮಾತು ಬೇರೆ.

ನಮ್ಮ ‘ಸಿದ್ಧಾಂತ ಶಿಖಾಮಣಿ’ಯ ಮಾಹೇಶ್ವರ ಸ್ಥಲದಲ್ಲಿ ‘ಪೂರ್ವಾಶ್ರಯ ನಿರಸನ’ವೆಂದು ಒಂದು ಸ್ಥಲವೇ ಇದೆ. ದೀಕ್ಷೆ ಹೊಂದಿ ಲಿಂಗ ಧರಿಸಿದವನಿಗೆ ಹಿಂದಿನ ಕುಲದ ಅಂಟು ಉಳಿಯದು ಎಂಬುದು ಅದರ ತಾತ್ಪರ್ಯ. ಬಸವಾದಿ ಶರಣರು ಕಲ್ಯಾಣದಲ್ಲಿ ಇದನ್ನೇ ಬಾಳಿ ತೋರಿಸಿದರು. ಕೊರಳಲ್ಲಿ ಲಿಂಗ ಕಟ್ಟಿಕೊಂಡು, ಎದುರಿಗೆ ನಿಂತ ಕೂಸಿನ ಹುಟ್ಟು ಕೆದಕುವವರು ಯಾವ ಶಾಸ್ತ್ರ ಓದಿದ್ದಾರೋ ನಮಗೆ ತಿಳಿಯದು.

ಮಠದ ಸಾಮೂಹಿಕ ವಿವಾಹಕ್ಕೆ ಹೆಸರು ಬರೆಸಲು ತಾಯಿಯ ಹೆಸರೊಂದೇ ಸಾಕು. ಅಂದು ಹಿರಿಯರು ಅಕ್ಷತೆ ಹಾಕಿ ಹಾಗೆಯೇ ಎದ್ದುಹೋಗದೆ, ಆ ಮಕ್ಕಳ ಪಕ್ಕದಲ್ಲಿ ಕೂತು ಪ್ರಸಾದ ಸ್ವೀಕರಿಸಬೇಕು. ಬರುವ ಭಾರತ ಹುಣ್ಣಿಮೆಗೆ ಬಂಡಿ ಹೂಡುವಾಗ, ತಲೆಯಲ್ಲಿ ಜಡೆ ಬಂದಿದೆ ಎಂದು ಯಾರ ಮನೆಯ ಹುಡುಗಿಯನ್ನಾದರೂ ಗುಡ್ಡಕ್ಕೆ ಹೊರಡಿಸಿದ್ದರೆ, ಬಂಡಿ ನಿಲ್ಲಿಸಿ, ಅವಳನ್ನು ಇಳಿಸಿ ಸಾಲಿಗೆ ಕಳಿಸಿರಿ.