ಮೂರನೆಯ ಗಿಟಾರಿಗೂ ಜಾಗ

ಭಜನಾ ಮೇಳದಲ್ಲಿ ಜಗಳವಾಗಿ ಪೇಟಿಯವ ಹೊರನಡೆದರೆ ಪೇಟಿ ಇನ್ನೊಬ್ಬನ ಕೈಗೆ ಹೋಗುತ್ತದೆ. ಕೊಪ್ಪಳ, ಕುಷ್ಟಗಿ ಕಡೆಯ ಊರುಗಳಿಗೆ ಇದೇನು ಹೊಸದಲ್ಲ. ಪೇಚಾಟವಿರುವುದು ಮುನಿಸು ಇಳಿದು ಹಳಬ ಮರಳಿದಾಗ. ಕೂತವನನ್ನು ಏಳು ಎನ್ನುವವರಾರು?

ಇಂಗ್ಲೆಂಡಿನ ರಾಕ್ ತಂಡ 'ಐರನ್ ಮೇಡನ್' ಇದೇ ಪೇಚಿಗೆ ಸಿಕ್ಕಿತ್ತು. ಗಿಟಾರ್ ವಾದಕ ಏಡ್ರಿಯನ್ ಸ್ಮಿತ್ 1990ರಲ್ಲಿ ತಂಡ ಬಿಟ್ಟರು, ಆ ಜಾಗಕ್ಕೆ ಯಾನಿಕ್ ಗರ್ಸ್ ಬಂದರು. 1993ರಲ್ಲಿ ಗಾಯಕ ಬ್ರೂಸ್ ಡಿಕಿನ್ಸನ್ ಕೂಡ ಹೊರಟರು. 1999ರಲ್ಲಿ ಇಬ್ಬರೂ ಮರಳಿದರು. ಗಾಯಕನ ಜಾಗ ಒಂದೇ. ನಡುವೆ ಹಾಡುತ್ತಿದ್ದ ಬ್ಲೇಜ್ ಬೇಯ್ಲಿ ಅದನ್ನು ಕಳೆದುಕೊಂಡರು. ಗರ್ಸ್ ಅವರನ್ನು ಮಾತ್ರ ಯಾರೂ ಎಬ್ಬಿಸಲಿಲ್ಲ. ಮೊದಲಿನಿಂದ ಇದ್ದ ಡೇವ್ ಮರ್ರಿ ಸೇರಿ ಗಿಟಾರುಗಳು ಮೂರಾದವು.

ಮೂರು ವಿದ್ಯುತ್ ಗಿಟಾರು ಎಂದರೆ ಹುಡುಗಾಟವಲ್ಲ. ಅಯಸ್ಕಾಂತದ ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ತಾಮ್ರದ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ವವೇ ಇದು. ಆ ಸಣ್ಣ ವಿದ್ಯುತ್ತನ್ನು ಹಿಗ್ಗಿಸಿದರೆ ಮೈದಾನವೇ ನಡುಗುತ್ತದೆ. ಮೂವರೂ ಒಂದೇ ಎತ್ತರದಲ್ಲಿ ಅಬ್ಬರಿಸಿದರೆ ಉಳಿಯುವುದು ಗದ್ದಲ. 2000ದ ಮೇ ತಿಂಗಳಲ್ಲಿ ಬಂದ ಅವರ 'ಬ್ರೇವ್ ನ್ಯೂ ವರ್ಲ್ಡ್' ಆಲ್ಬಮ್ಮಿನಲ್ಲಿ ಹಾಗಾಗಲಿಲ್ಲ. ಒಬ್ಬರು ಷಡ್ಜ ಹಿಡಿದರೆ ಇನ್ನೊಬ್ಬರು ಗಾಂಧಾರದಲ್ಲಿ ಜೊತೆ ನಡೆಯುವಂಥ ಜಾಗಗಳೇ ಅದರ ಸೊಗಸು. ಕೆಲವು ಹಾಡು ಬೇಕಾದ್ದಕ್ಕಿಂತ ಉದ್ದ. 'ದಿ ನೋಮ್ಯಾಡ್' 9 ನಿಮಿಷ ಹಿಡಿಯುತ್ತದೆ. (ಬೆಳತನಕ ಹಾಡುವ ನಮ್ಮ ಭಜನೆಯವರು ಇದಕ್ಕೆ ನಕ್ಕಾರು.)

ಕೊಪ್ಪಳದಲ್ಲಿ ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವಷ್ಟರಲ್ಲಿ ಬೆಂಗಳೂರು. ಅಲ್ಲಿಯ ಅರಮನೆ ಮೈದಾನದಲ್ಲಿ 2007ರ ಮಾರ್ಚ್ 17ರಂದು ಈ ತಂಡ ನುಡಿಸಿತು. ಗಿಟಾರು ಹಿಡಿದು ಆ ಮೂವರೂ ವೇದಿಕೆಯ ಮೇಲಿದ್ದರು.